ಮಂಡಿ ವ್ಯವಹಾರ

ನಮ್ಮ ತಿಪಟೂರಿನಲ್ಲಿ ‘ಮಂಡಿ’ ಎಂದರೆ ಯಾರಿಗೂ ಮೊದಲು ಕಾಲು ನೆನಪಾಗುವುದಿಲ್ಲ, ಕೊಬ್ಬರಿ ನೆನಪಾಗುತ್ತದೆ. ನಮ್ಮನೆಯವರು ಮೂವತ್ತು ವರ್ಷದಿಂದ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಹಾಗಾಗಿ 2024ರ ಆಷಾಢದಲ್ಲಿ ಒಂದು ಸಂಜೆ ನಾನು ಶಾಲೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕುಸಿದು ಕೂತು, “ರೀ, ಮಂಡಿ ಯಾಕೋ ಸರಿಯಿಲ್ಲ” ಎಂದಾಗ ಅವರು ಪೇಪರಿನಿಂದ ತಲೆ ಎತ್ತದೆಯೇ, “ಹೌದು, ಈ ವಾರ ರೇಟೇ ಇಲ್ಲ” ಎಂದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಕಾಲು ನೀವಿಕೊಳ್ಳುತ್ತಾ ಕೂತೆ. ಎರಡು ನಿಮಿಷವಾದ ಮೇಲೆ ಅವರಿಗೆ ಅರ್ಥವಾಗಿ, ಪೇಪರ್ ಮಡಿಸಿಟ್ಟು ಒಳಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು, ಆ ಮಾತು ಬೇರೆ.

ಇಪ್ಪತ್ತೊಂಬತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಅಷ್ಟೂ ವರ್ಷ ನಿಂತುಕೊಂಡೇ. ನಮ್ಮ ಶಾಲೆಯಲ್ಲಿ ಮೇಷ್ಟ್ರಿಗೆ ಕುರ್ಚಿ ಇಲ್ಲವೆಂದಲ್ಲ. ಆದರೆ ಕೂತು ಪಾಠ ಮಾಡಿದರೆ ಹಿಂದಿನ ಬೆಂಚಿನವರು ಆ ಕ್ಷಣದಲ್ಲೇ ಬೇರೆ ಲೋಕಕ್ಕೆ ಹೊರಟುಬಿಡುತ್ತಾರೆ. ಶಾಲೆ ಮುಗಿದರೆ ಮನೆಯ ಕೆಲಸ. ನೀವೇ ಯೋಚಿಸಿ ನೋಡಿ, ನಮ್ಮ ವಯಸ್ಸಿನ ಹೆಂಗಸರು ದಿನಕ್ಕೆ ಎಷ್ಟು ಸಲ ಕುಕ್ಕರುಗಾಲಿನಲ್ಲಿ ಕೂತು ಎದ್ದಿದ್ದೇವೆ! ಈಳಿಗೆಮಣೆ, ರಂಗೋಲಿ, ನೆಲ ಒರೆಸುವುದು, ಬಟ್ಟೆ ಒಗೆಯುವ ಕಲ್ಲು, ದೇವರ ಮುಂದಿನ ನಮಸ್ಕಾರ. ಗಂಡಸರಿಗೆ ಸಂಧ್ಯಾವಂದನೆಯ ಮಣೆ ಬಿಟ್ಟರೆ ನೆಲದ ಸಹವಾಸ ಎಷ್ಟಿತ್ತು ಹೇಳಿ? ಐವತ್ತು ದಾಟಿದ ಮೇಲೆ ಮಂಡಿ ನೋವು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಅದಕ್ಕೆ ಅವರು ಕೊಡುವ ಕಾರಣಗಳಲ್ಲಿ ಈಳಿಗೆಮಣೆಯ ಹೆಸರಿಲ್ಲದಿರಬಹುದು, ನನ್ನ ಪಟ್ಟಿಯಲ್ಲಂತೂ ಇದೆ.

ನೋವು ಬಂದದ್ದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು, ಆ ನೋವಿನ ಜೊತೆಗೇ ನಮ್ಮ ಅಕ್ಕನ ನೆನಪು ಬಂದದ್ದಕ್ಕೆ.

ಅಕ್ಕ ಇರುವುದು ಅರಸೀಕೆರೆಯಲ್ಲಿ, ನಮ್ಮೂರಿಂದ ಅರ್ಧ ಗಂಟೆಯ ರೈಲು. ನನಗಿಂತ ಹತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಹಪ್ಪಳ ಸಂಡಿಗೆ ಮಾಡಿ, ಮನೆಯ ಮುಂದಿನ ಒಂದು ಅಂಗಡಿಯ ಬಾಡಿಗೆಯಲ್ಲಿ ಎರಡು ಗಂಡು ಮಕ್ಕಳನ್ನು ದಡ ಸೇರಿಸಿದಳು. 2019ರ ಹೊತ್ತಿಗೆ ಅವಳ ಬಲಗಾಲು ಬಿಲ್ಲಿನ ಹಾಗೆ ಬಾಗಿತ್ತು. ಮಹಡಿಗೆ ಸಂಡಿಗೆ ಒಣಹಾಕಲು ಹೋಗುವುದನ್ನು ಬಿಟ್ಟಳು. ಆಮೇಲೆ ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಳು. ಕರೆಯಲು ಬಂದವರಿಗೆಲ್ಲ “ಮಂಡಿ ನೋವಮ್ಮ” ಎಂದು ಹೇಳುತ್ತಿದ್ದಳು.

ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಇಟ್ಟವಳು ನಾನು. ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನದು. ‘ಆಪರೇಷನ್ ಇಲ್ಲದೆ, ನಿಮ್ಮದೇ ಸ್ಟೆಮ್ ಸೆಲ್‌ನಿಂದ ಮಂಡಿಯ ಸವೆತಕ್ಕೆ ಶಾಶ್ವತ ಪರಿಹಾರ’ ಎಂಬ ಅರ್ಥದ ಮಾತು, ಪಕ್ಕದಲ್ಲಿ ಮೆಟ್ಟಿಲು ಹತ್ತುತ್ತಾ ನಗುತ್ತಿರುವ ಬಿಳಿಕೂದಲಿನ ಹೆಂಗಸಿನ ಚಿತ್ರ. ಫೋನ್ ಮಾಡಿದವಳೂ ನಾನೇ, ಅಕ್ಕನನ್ನು ಒಪ್ಪಿಸಿದವಳೂ ನಾನೇ. ಆಗಸ್ಟ್ ತಿಂಗಳ ಒಂದು ಶನಿವಾರ ಇಬ್ಬರೂ ಹೋದೆವು. ಕ್ಲಿನಿಕ್ಕು ಮದುವೆ ಛತ್ರದ ವರನ ಕೋಣೆಯಂತೆ ಥಳಥಳ ಎನ್ನುತ್ತಿತ್ತು. ಕಾಫಿ ಕೊಟ್ಟರು. ಕೋಟು ಹಾಕಿದ ಒಬ್ಬ ಹುಡುಗ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದ. ಹೊಟ್ಟೆಯ ಕೊಬ್ಬಿನಿಂದ ಕೋಶಗಳನ್ನು ತೆಗೆದು ಮಂಡಿಗೆ ಚುಚ್ಚುತ್ತಾರೆ, ಅವು ಅಲ್ಲಿ ಹೋಗಿ ಸವೆದ ಜಾಗದಲ್ಲಿ ಹೊಸದಾಗಿ ಬೆಳೆಯುತ್ತವೆ, ಮೂರು ತಿಂಗಳಲ್ಲಿ ನೀವು ಬೆಟ್ಟ ಹತ್ತಬಹುದು! ಅವನು ಡಾಕ್ಟರಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನದ ನಂತರ. ಎರಡು ಲಕ್ಷ ಇಪ್ಪತ್ತು ಸಾವಿರ ಎಂದರು. ಅಕ್ಕ ತನ್ನ ಎರಡೆಳೆ ಸರ ಮಾರಿದಳು, ನಮ್ಮಮ್ಮ ಅವಳಿಗೆ ಕೊಟ್ಟಿದ್ದ ಸರ.

ಸಹಿ ಮಾಡಲು ಆರು ಪುಟದ ಇಂಗ್ಲಿಷ್ ಕಾಗದ ಕೊಟ್ಟರು. ಅಕ್ಕ ನನ್ನ ಮುಖ ನೋಡಿದಳು. “ಹಾಕು ಅಕ್ಕ, ಎಲ್ಲ ಕಡೆ ಇದೇ ಫಾರ್ಮು” ಎಂದೆ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಆಮೇಲೆ ಪೆನ್ನು ಹಿಡಿಯಿರಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುವ ಬಿ.ಎ., ಬಿ.ಎಡ್. ಟೀಚರು, ಅಕ್ಕನ ಹೆಬ್ಬೆರಳಿನ ಪಕ್ಕದಲ್ಲಿದ್ದ ಸಾಲನ್ನು ಓದಲಿಲ್ಲ. ಮರುವರ್ಷ ಆ ಕಾಗದವನ್ನು ನಾನು ಒಬ್ಬಳೇ ಕೂತು ಓದಿದೆ. ನಾಲ್ಕನೇ ಪುಟದಲ್ಲಿ, ಇದು ಪ್ರಾಯೋಗಿಕ ಚಿಕಿತ್ಸೆ, ಫಲಿತಾಂಶಕ್ಕೆ ಯಾವ ಭರವಸೆಯೂ ಇಲ್ಲ ಎಂದು ಸ್ಪಷ್ಟವಾಗಿತ್ತು.

ಅಕ್ಕನಿಗೆ ದೀಪಾವಳಿಯ ತನಕ ನೋವು ಇಳಿದಂತೆ ಕಂಡಿತು. ಮಹಡಿಗೆ ಒಂದು ಸಲ ಹತ್ತಿ ನನಗೆ ಫೋನ್ ಕೂಡ ಮಾಡಿದಳು. ಸಂಕ್ರಾಂತಿಗೆ ಮತ್ತೆ ಕೋಲು ಹಿಡಿದಳು. 2020ರ ಯುಗಾದಿಗೆ ಲಾಕ್‌ಡೌನ್ ಬಂತು, ಕ್ಲಿನಿಕ್ಕಿನ ಫೋನು ಯಾರೂ ಎತ್ತಲಿಲ್ಲ. 2022ರಲ್ಲಿ ಹಾಸನದಲ್ಲಿ ಅವಳಿಗೆ ಮಂಡಿ ಬದಲಿ ಆಪರೇಷನ್ ಆಯಿತು. ಖರ್ಚು ಮಕ್ಕಳು ಹಾಕಿದರು. ಈ ಮೂರು ವರ್ಷದಲ್ಲಿ ಅಕ್ಕ ನನಗೆ ಒಂದೇ ಒಂದು ಮಾತು ಅಂದಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಅನ್ನಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕೊಡುವಾಗ ಅವಳ ಖಾಲಿ ಕತ್ತನ್ನು ನೋಡಲಾಗದೆ ನಾನು ಬಾಗಿನದ ಮೊರವನ್ನೇ ನೋಡುತ್ತಿದ್ದೆ.

ಹೀಗಿರುವಾಗ ನನ್ನದೇ ಮಂಡಿ ಕಟಕಟ ಎನ್ನಲು ಶುರುವಾದರೆ ಏನು ಮಾಡಬೇಕು? ಈ ಸಲ ಮೊದಲು ಓದಬೇಕು ಎಂದು ತೀರ್ಮಾನಿಸಿದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೇಳಿದ್ದಕ್ಕೆ ಬೇಸರಪಡದೆ ಉತ್ತರ ಹೇಳುವ ಸ್ವಭಾವದವರು. “ಮೇಡಂ, ನಿಮ್ಮೂರಿನವರಿಗೆ ಮೃದ್ವಸ್ಥಿ ಅಂದ್ರೇನು ಅಂತ ಹೇಳಿಕೊಡಬೇಕಾ? ಎಳನೀರು ಕೆತ್ತಿಸಿ ಗಂಜಿ ನೋಡಿ, ಸಾಕು” ಎಂದರು. ಬೆಳ್ಳಗೆ, ನುಣ್ಣಗೆ, ಜಾರುವ ಹಾಗೆ. ನಮ್ಮ ತೊಡೆಯ ಮೂಳೆಯೂ ಮೊಣಕಾಲಿನ ಮೂಳೆಯೂ ಒಂದನ್ನೊಂದು ತಾಗದ ಹಾಗೆ ಎರಡರ ತುದಿಗೂ ಇಂಥದೇ ಒಂದು ಪದರ. ದಪ್ಪ ಹೆಚ್ಚೇನಿಲ್ಲ, ಎರಡರಿಂದ ನಾಲ್ಕು ಮಿಲಿಮೀಟರು. ಜನ್ಮವಿಡೀ ನಮ್ಮನ್ನು ಹೊತ್ತು ತಿರುಗುವುದು ಅದೇ.

ಅದರ ಕಷ್ಟ ಕೇಳಿ. ಆ ಪದರದಲ್ಲಿ ರಕ್ತನಾಳವೇ ಇಲ್ಲ. ನರವೂ ಇಲ್ಲ. ಕೈ ಕೊಯ್ದರೆ ರಕ್ತ ಬಂದು, ಹೆಪ್ಪುಗಟ್ಟಿ, ವಾರದಲ್ಲಿ ಗಾಯ ಮಾಯುತ್ತದೆ. ಮಾಯಿಸುವ ಸಾಮಾನನ್ನೆಲ್ಲ ತರುವುದು ರಕ್ತ. ರಕ್ತವೇ ಹೋಗದ ಕಡೆ ಮಾಯಿಸುವವರು ಯಾರು? ಕೀಲಿನೊಳಗೆ ಒಂದಿಷ್ಟು ದ್ರವ ಇರುತ್ತದೆ, ಎತ್ತಿನಗಾಡಿಯ ಅಚ್ಚಿಗೆ ಬಿಡುತ್ತಿದ್ದ ಕೀಲೆಣ್ಣೆಯ ಹಾಗೆ. ಮೃದ್ವಸ್ಥಿಗೆ ಊಟವೂ ಅದರಿಂದಲೇ. ಹೆಜ್ಜೆ ಇಟ್ಟಾಗ ಸ್ಪಂಜಿನ ಹಾಗೆ ಹಿಂಡಿಕೊಂಡು, ಹೆಜ್ಜೆ ಎತ್ತಿದಾಗ ಆ ದ್ರವವನ್ನು ಹೀರಿಕೊಳ್ಳುತ್ತದೆ. ಅದರಲ್ಲಿರುವ ಜೀವಕೋಶಗಳೋ ತೀರಾ ಕಡಿಮೆ, ದೊಡ್ಡ ತೋಟದಲ್ಲಿ ದೂರದೂರಕ್ಕೆ ಇರುವ ಒಂಟಿ ಮನೆಗಳ ಹಾಗೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಓಡಿ ಬರಲಾರರು. ಲಂಡನ್ನಿನ ವಿಲಿಯಂ ಹಂಟರ್ ಎಂಬ ವೈದ್ಯರು 1743ರಲ್ಲೇ ಬರೆದಿಟ್ಟಿದ್ದಾರಂತೆ, ಒಮ್ಮೆ ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗುವುದಿಲ್ಲ ಎಂದು. ಹೈದರಾಲಿ ಇನ್ನೂ ನವಾಬನಾಗುವುದಕ್ಕೆ ಮೊದಲಿನ ಮಾತು ಅದು!

ಆ ಮಾತನ್ನು ಸುಳ್ಳು ಮಾಡಲು ಜನ ಪಟ್ಟ ಪಾಡು ಸಣ್ಣದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ವೈದ್ಯರು 1987ರಲ್ಲಿ ಒಂದು ಕೆಲಸ ಮಾಡಿದರು. ರೋಗಿಯ ಮಂಡಿಯಿಂದಲೇ ಚೂರು ಒಳ್ಳೆಯ ಮೃದ್ವಸ್ಥಿ ತೆಗೆದು, ಅದರ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಹೆಪ್ಪು ಹಾಕಿದ ಹಾಲಿನಂತೆ ಹೆಚ್ಚಿಸಿ, ಕೆಟ್ಟ ಜಾಗಕ್ಕೆ ತುಂಬಿ, ಮೇಲೊಂದು ತೇಪೆ ಹೊಲಿದರು. 1994ರಲ್ಲಿ 23 ಜನ ರೋಗಿಗಳ ಕಥೆಯನ್ನು ಪ್ರಕಟಿಸಿದಾಗ ಲೋಕಕ್ಕೆಲ್ಲ ಆಸೆ ಹುಟ್ಟಿತು. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಅವರಲ್ಲಿ ಅನೇಕರು ಪೆಟ್ಟಾಗಿ ಒಂದು ಜಾಗ ಮಾತ್ರ ಕೆಟ್ಟವರು, ವಯಸ್ಸಾಗಿ ಇಡೀ ಮಂಡಿ ಸವೆದವರಲ್ಲ. ನಮ್ಮ ಬಿ.ಎಚ್. ರಸ್ತೆಯಲ್ಲಿ ಒಂದು ಗುಂಡಿ ಬಿದ್ದರೆ ಜಲ್ಲಿ ಟಾರು ತಂದು ಮುಚ್ಚಬಹುದು. ಅರಸೀಕೆರೆಯ ತನಕ ಟಾರೇ ಕಿತ್ತುಹೋಗಿದ್ದರೆ ಗುಂಡಿ ಮುಚ್ಚುವವನು ಏನು ಮಾಡಿಯಾನು? ಅಕ್ಕನದು ಗುಂಡಿಯಲ್ಲ, ರಸ್ತೆಯೇ ಹೋಗಿತ್ತು.

ಸ್ಟೆಮ್ ಸೆಲ್ಲಿನ ಆಸೆ ಬಂದದ್ದು ಇಲ್ಲಿಯೇ. ಕನ್ನಡದಲ್ಲಿ ಇದನ್ನು ಕೆಲವರು ಕಾಂಡಕೋಶ ಎನ್ನುತ್ತಾರೆ, ಕೆಲವರು ಆಕರಕೋಶ ಎನ್ನುತ್ತಾರೆ. ಕನ್ನಡ ಟೀಚರಾಗಿ ನನ್ನ ಓಟು ಆಕರಕೋಶಕ್ಕೆ. ಕಾಂಡ ಎಂದರೆ ಬಾಳೆಯ ದಿಂಡು ಕಣ್ಣಿಗೆ ಬರುತ್ತದೆ. ಮೈಯ ಮಿಕ್ಕ ಕೋಶಗಳೆಲ್ಲ ಒಂದೊಂದು ಕಸುಬು ಹಿಡಿದವು. ಇದು ಇನ್ನೂ ಕಸುಬು ಹಿಡಿಯದ ಕೋಶ, ಎಂಟನೇ ತರಗತಿಗೆ ಬಂದು ಸೇರುವ ಮಕ್ಕಳ ಹಾಗೆ. ಮೂಳೆಮಜ್ಜೆಯಲ್ಲೂ ಕೊಬ್ಬಿನಲ್ಲೂ ಇರುವ ಒಂದು ಜಾತಿಯ ಆಕರಕೋಶವನ್ನು ಪ್ರಯೋಗಶಾಲೆಯಲ್ಲಿ ಸರಿಯಾಗಿ ಸಾಕಿದರೆ ಮೂಳೆಯೂ ಆಗುತ್ತದೆ, ಕೊಬ್ಬೂ ಆಗುತ್ತದೆ, ಮೃದ್ವಸ್ಥಿಯೂ ಆಗುತ್ತದೆ. ಇದು ನಿಜ. ಕೋಟಿನ ಹುಡುಗ ಹೇಳಿದ್ದರಲ್ಲಿ ಇಷ್ಟು ನಿಜವಿತ್ತು ಎಂಬುದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು. ಪೂರಾ ಸುಳ್ಳನ್ನು ನಾನೂ ಹಿಡಿಯುತ್ತಿದ್ದೆ.

ಪ್ರಯೋಗಶಾಲೆಯ ತಟ್ಟೆಯಲ್ಲಿ ಜಾಣನಾದ ಹುಡುಗ ಮಂಡಿಯೊಳಗೆ ಬಂದರೆ ಹಾಗೇ ಇರುವುದಿಲ್ಲ. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಅಲ್ಲಿ ನೆಲೆ ನಿಲ್ಲದೆ ಹೋಗಿಬಿಡುತ್ತವೆ. ರಿಪೇರಿಗೆಂದು ಬೆಳೆದದ್ದೂ ಅನೇಕ ಸಲ ಎಳನೀರ ಗಂಜಿಯಂತಿರದೆ ನಾರು ನಾರಾಗಿ, ಮೊದಲಿನ ತಾಳಿಕೆಯಿಲ್ಲದೆ ಇರುತ್ತದೆ. ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಎಂಬ ಪ್ರೊಫೆಸರು 1991ರಲ್ಲಿ ಈ ಕೋಶಗಳಿಗೆ ‘ಮೀಸೆಂಕೈಮಲ್ ಸ್ಟೆಮ್ ಸೆಲ್’ ಎಂಬ ಹೆಸರನ್ನು ಬಳಕೆಗೆ ತಂದವರು. ಅವರೇ 2017ರಲ್ಲಿ, ದಯವಿಟ್ಟು ಈ ಹೆಸರು ಬದಲಿಸಿ ಎಂದು ಬರೆದರು. ಈ ಕೋಶಗಳು ತಾವೇ ಹೋಗಿ ಹೊಸ ಅಂಗವಾಗುವುದಕ್ಕಿಂತ, ಹೋದ ಕಡೆ ಸುತ್ತಲಿನ ಕೋಶಗಳಿಗೆ ಏನೋ ಸಂಜ್ಞೆ ಕಳಿಸಿ ಊತ ಉರಿ ಇಳಿಸುವಂತೆ ಕಾಣುತ್ತದೆ, ಸ್ಟೆಮ್ ಸೆಲ್ ಎಂಬ ಹೆಸರು ಜನರನ್ನು ದಾರಿ ತಪ್ಪಿಸುತ್ತಿದೆ ಎಂಬುದು ಅವರ ವಾದ. ಹೆಸರಿಟ್ಟ ಸೋದರತ್ತೆಯೇ ಬಂದು, ಮಗುವಿಗೆ ಈ ಹೆಸರು ಹೊಂದಲಿಲ್ಲ ಎಂದ ಹಾಗೆ. ಅಂಥ ಪ್ರಾಮಾಣಿಕತೆ ಇರುವವರೂ ಇದೇ ಕ್ಷೇತ್ರದಲ್ಲಿದ್ದಾರೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ವಿಷಯ ತಿಳಿದಾಗ ಮಾತ್ರ ಸಮಾಧಾನ ಹೋಯಿತು. ನಮ್ಮ ಐ.ಸಿ.ಎಂ.ಆರ್. 2017ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥವನ್ನು ಬಿಟ್ಟರೆ ಮಿಕ್ಕ ಆಕರಕೋಶ ಚಿಕಿತ್ಸೆಗಳೆಲ್ಲ ಒಪ್ಪಿಗೆ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ಒಳಗಾಗುವವರಿಂದ ಹಣ ತೆಗೆದುಕೊಳ್ಳುವಂತಿಲ್ಲ ಎಂದು. ಅಂದರೆ ಅಕ್ಕ ಸರ ಮಾರುವುದಕ್ಕೆ ಎರಡು ವರ್ಷ ಮೊದಲೇ ಈ ಮಾತು ಅಚ್ಚಾಗಿತ್ತು. ಜಾಹೀರಾತು ಮಾತ್ರ ನಮ್ಮ ಮನೆ ಬಾಗಿಲಿಗೆ ಬಂತು, ಮಾರ್ಗಸೂಚಿ ಬರಲಿಲ್ಲ.

ಕಾರ್ತಿಕ ಮಾಸದಲ್ಲಿ ತುಮಕೂರಿನ ಮೂಳೆ ಡಾಕ್ಟರ ಹತ್ತಿರ ಹೋದೆ. ನಮ್ಮನೆಯವರೂ ಬಂದರು. ಎಕ್ಸ್‌ರೇ ಹಿಡಿದು ನೋಡಿ, “ಮೇಡಂ, ಸವೆತ ಎರಡನೇ ದರ್ಜೆಯದು, ಗಾಬರಿಯಾಗಬೇಡಿ” ಎಂದರು. ಜೀವಮಾನದಲ್ಲಿ ಮೊದಲ ಸಲ ಎರಡನೇ ದರ್ಜೆಯಲ್ಲಿ ಪಾಸಾದದ್ದಕ್ಕೆ ಸಂತೋಷಪಟ್ಟೆ. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಅವರು ನಕ್ಕು, “ಕೇಳಿ, ಇವತ್ತು ರಶ್ ಕಡಿಮೆ ಇದೆ” ಎಂದರು. ಅಕ್ಕನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಹೇಳಿದರು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ದಕ್ಷಿಣ ಕೊರಿಯಾದಲ್ಲಿ 2012ರಲ್ಲೇ ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಆಕರಕೋಶದ ಔಷಧಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿದೆ, ಅದನ್ನು ಆಪರೇಷನ್ ಮಾಡಿ ಇಡುತ್ತಾರೆ. ನಮ್ಮ ಬೆಂಗಳೂರಿನದೇ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳ ಔಷಧಕ್ಕೆ 2022ರಲ್ಲಿ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ಒಂದು ಇಂಜೆಕ್ಷನ್ನಿನಲ್ಲಿ ಎರಡೂವರೆ ಕೋಟಿ ಕೋಶ. ಅನುಮತಿಗೆ ಮೊದಲು 146 ಜನರ ಮೇಲೆ ಪರೀಕ್ಷೆ ಮಾಡಿದ್ದರು, ಕೆಲವರಿಗೆ ಕೋಶ, ಕೆಲವರಿಗೆ ಬರೀ ನೀರಿನಂಥದು, ಯಾರಿಗೆ ಯಾವುದೆಂದು ರೋಗಿಗೆ ಹೇಳದೆ. ಕೋಶ ಪಡೆದವರಿಗೆ ನೋವು ಹೆಚ್ಚು ಇಳಿಯಿತು, ಮೃದ್ವಸ್ಥಿ ಇನ್ನಷ್ಟು ಕೆಡದೆ ನಿಂತಂತೆ ಕಂಡಿತು. “ನಿಂತಿತು ಅಂದೆ, ಹೊಸದಾಗಿ ಬೆಳೀತು ಅನ್ನಲಿಲ್ಲ. ಬರ್ಕೊಳಿ” ಎಂದರು. ಬರೆದುಕೊಂಡೆ.

ಅದರ ಕೆಳಗೇ ಇನ್ನೊಂದನ್ನೂ ಬರೆಸಿದರು. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಪರೀಕ್ಷೆ, 475 ಜನ. ಸ್ವಂತ ಮೂಳೆಮಜ್ಜೆಯದು, ಸ್ವಂತ ಕೊಬ್ಬಿನದು, ಹೊಕ್ಕುಳಬಳ್ಳಿಯದು, ಈ ಮೂರು ಬಗೆಯ ಕೋಶಗಳನ್ನು ಮಾಮೂಲಿ ಸ್ಟೀರಾಯ್ಡ್ ಇಂಜೆಕ್ಷನ್ನಿನ ಜೊತೆ ಹೋಲಿಸಿದರು. ವರ್ಷದ ಕೊನೆಗೆ ನೋಡಿದರೆ ಮೂರರಲ್ಲಿ ಯಾವುದೂ ಸ್ಟೀರಾಯ್ಡಿಗಿಂತ ಮೇಲಾಗಿರಲಿಲ್ಲ. ಅಕ್ಕನ ಹೊಟ್ಟೆಯಿಂದ ತೆಗೆದದ್ದು ಕೊಬ್ಬಿನದು. ದೀಪಾವಳಿಯ ತನಕ ನೋವು ಇಳಿದದ್ದಕ್ಕೆ, ಎರಡು ಲಕ್ಷ ಖರ್ಚು ಮಾಡಿದ್ದೇವಲ್ಲ ಎಂಬ ನಂಬಿಕೆಯೂ ಕಾರಣವಿರಬಹುದು ಎಂದರು ಡಾಕ್ಟರು, ಮೆಲ್ಲಗೆ.

“ಹಾಗಾದ್ರೆ ಇದೆಲ್ಲಾ ಮುಂದೆಯೂ ಆಗೋದಿಲ್ವಾ ಸಾರ್?” ಎಂದು ನಮ್ಮನೆಯವರು ಕೇಳಿದರು. ಆಗೋದಿಲ್ಲ ಎಂದು ಯಾರು ಹೇಳಿದರು ಎಂದು ಡಾಕ್ಟರಿಗೆ ಉತ್ಸಾಹ ಬಂತು. ಸ್ಟ್ಯಾನ್‌ಫರ್ಡಿನಲ್ಲಿ 2020ರಲ್ಲಿ ಇಲಿಯ ಕೀಲಿನ ಮೂಳೆಗೆ ಸಣ್ಣ ಗಾಯ ಮಾಡಿ, ಅಲ್ಲೇ ಮಲಗಿದ್ದ ಆಕರಕೋಶಗಳನ್ನು ಎಬ್ಬಿಸಿ, ಎರಡು ರಾಸಾಯನಿಕ ಸಂಜ್ಞೆ ಕೊಟ್ಟು, ಅವು ಮೂಳೆಯಾಗದೆ ಮೃದ್ವಸ್ಥಿಯೇ ಆಗುವಂತೆ ಮಾಡಿದ್ದಾರೆ. ಜಪಾನಿನ ಯಮನಾಕ ಚರ್ಮದ ಕೋಶವನ್ನೇ ಆಕರಕೋಶವಾಗಿ ಹಿಂದಿರುಗಿಸಿ 2012ರಲ್ಲಿ ನೊಬೆಲ್ ಪಡೆದರು. ಅವರೂ ಮೊದಲು ಮೂಳೆ ಡಾಕ್ಟರಾಗಲು ಹೊರಟವರು, ಆಪರೇಷನ್ನಿನಲ್ಲಿ ಕೈ ನಿಧಾನವೆಂದು ಹಿರಿಯರಿಂದ ಬೈಸಿಕೊಂಡು ಪ್ರಯೋಗಶಾಲೆಗೆ ಹೋದವರಂತೆ! ನಮ್ಮ ಶಾಲೆಯಲ್ಲಿ ‘ನಿಧಾನ’ ಎಂದು ನಾನು ಷರಾ ಬರೆದ ಮಕ್ಕಳೆಲ್ಲ ಆ ಕ್ಷಣ ಕಣ್ಣ ಮುಂದೆ ಬಂದುಹೋದರು.

“ಇಲಿಯ ಮಂಡಿಯಿಂದ ನಿಮ್ಮ ಮಂಡಿಗೆ ಬರೋಕೆ ದಾರಿ ದೂರ ಇದೆ” ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ನನ್ನ ದರ್ಜೆಯ ಸವೆತಕ್ಕೆ ಬೆಂಗಳೂರಿನ ಆ ಇಂಜೆಕ್ಷನ್ನು ಕೊಡಬಹುದು, ಬೇಕಾದರೆ ಯೋಚಿಸಿ, ಅವಸರವಿಲ್ಲ, ಅದಕ್ಕಿಂತ ಮೊದಲು ಎಂಟು ಕಿಲೋ ತೂಕ ಇಳಿಸಿ, ತೊಡೆಯ ಸ್ನಾಯುವಿಗೆ ದಿನಾ ವ್ಯಾಯಾಮ ಕೊಡಿ ಎಂದರು. ಮಲಗಿ ಮಂಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು ಒತ್ತುವುದು, ಹತ್ತು ಎಣಿಸುವುದು, ಬಿಡುವುದು. ಕುರ್ಚಿಯಲ್ಲಿ ಕೂತು ಕಾಲು ನೀಡಿ ಹಿಡಿಯುವುದು, ಮತ್ತೆ ಹತ್ತು. ಫೀಸು ಐನೂರು ರೂಪಾಯಿ. ಹೊರಗೆ ಬಂದ ಮೇಲೆ ನಮ್ಮನೆಯವರು, “ಬ್ಯಾಂಕಲ್ಲಿ ಇದೆ ಕಣೆ, ಬೇಕು ಅಂದ್ರೆ ಆ ಇಂಜೆಕ್ಷನ್ನೇ ಹಾಕಿಸೋಣ” ಎಂದರು. ಅದು ಮಗಳ ಮದುವೆಗೆಂದು ಇಟ್ಟ ದುಡ್ಡು ಎಂದು ಇಬ್ಬರಿಗೂ ಗೊತ್ತಿತ್ತು. ಈಗ ಬೇಡ ಎಂದೆ. ದುಡ್ಡಿಗಾಗಿ ಬೇಡ ಎಂದೆನೋ, ಅಕ್ಕನಿಗೆ ಸಿಗದ್ದು ನನಗೇಕೆ ಎಂದು ಬೇಡ ಎಂದೆನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮುಂದಿನ ಭಾನುವಾರ ಅರಸೀಕೆರೆಗೆ ಹೋಗಿ ಅಕ್ಕನ ಮುಂದೆ ನೋಟ್‌ಬುಕ್ ತೆರೆದು ಎಲ್ಲವನ್ನೂ ಓದಿದೆ. ಸ್ವೀಡನ್ನು, ಕೊರಿಯಾ, ನಾಲ್ಕನೇ ಪುಟದ ಸಾಲು. ಆ ಸಾಲನ್ನು ಓದುವಾಗ ಗಂಟಲು ಕಟ್ಟಿತು. “ನಾನು ಓದ್ಬೇಕಿತ್ತು ಅಕ್ಕ. ನಾನೇ ಕರ್ಕೊಂಡ್ ಹೋಗಿದ್ದು” ಎಂದೆ. ಅಕ್ಕ ಸಂಡಿಗೆಯ ಡಬ್ಬದ ಮುಚ್ಚಳ ಹಾಕಿ, ನನ್ನ ಕಡೆ ತಿರುಗಿದಳು.

“ನೀನ್ ಕರ್ಕೊಂಡ್ ಹೋದೆ ಅಂತ ನಾನು ಬಂದೆ ಅಂದ್ಕೊಂಡಿದ್ದೀಯಾ? ಆ ವರ್ಷ ಒಂದ್ ಮದ್ವೆಮನೇಲಿ ಬಚ್ಚಲುಮನೆಗೆ ಹೋಗಿ ಕೂತೋಳು ಏಳೋಕಾಗ್ಲಿಲ್ಲ ಕಣೇ. ಒಳಗಿಂದ ಚಿಲಕ ಬೇರೆ ಹಾಕಿದ್ದೆ. ಕೂಗಿದ್ರೆ ಮರ್ಯಾದೆ ಹೋಗುತ್ತೆ ಅಂತ ಅರ್ಧ ಗಂಟೆ ಹಾಗೇ ಇದ್ದೆ. ಆಮೇಲೆ ನಲ್ಲಿ ಹಿಡ್ಕೊಂಡ್ ಎದ್ದೆ. ಅವತ್ತೇ ಅಂದ್ಕೊಂಡೆ, ಯಾರೇನ್ ಹೇಳಿದ್ರೂ ಮಾಡಿಸ್ಕೊಳ್ಳೋದೇ ಅಂತ. ನೀನಲ್ದೆ ಇದ್ರೆ ಇನ್ಯಾರ್ ಜೊತೆಗಾದ್ರೂ ಹೋಗ್ತಿದ್ದೆ.”

ಐದು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ ಅವಳು. ಮಂಡಿ ನೋವು ಎಂದು ಮದುವೆ ತಪ್ಪಿಸಿದ್ದಳಲ್ಲ, ಅದು ನೋವಿನ ಮಾತಾಗಿರಲಿಲ್ಲ.

“ಈಗ ನಿಂಗೆ ಟವೆಲ್ ವ್ಯಾಯಾಮ ಹೇಳಿದ್ದಾರಾ? ನಂಗೂ ಆಪರೇಷನ್ ಆದ್ಮೇಲೆ ಅದೇ ಮಾಡಿಸಿದ್ರು. ನೀನು ಒಬ್ಬಳೇ ಮಾಡಿದ್ರೆ ಆರಕ್ಕೇ ಹತ್ತು ಅಂತೀಯ. ನಂಗೊತ್ತಿಲ್ವಾ ನಿನ್ನ ಬುದ್ಧಿ? ಚಿಕ್ಕೋಳಿದ್ದಾಗ ಕುಂಟೆಬಿಲ್ಲೆ ಮನೆ ಎಣಿಸೋದ್ರಲ್ಲೂ ಹಾಗೇ ಮಾಡ್ತಿದ್ದೆ” ಎಂದಳು.

ಅಂದಿನಿಂದ ಬೆಳಿಗ್ಗೆ ಐದೂ ಮುಕ್ಕಾಲಿಗೆ ಅಕ್ಕನ ಫೋನು ಬರುತ್ತದೆ. ಸ್ಪೀಕರಿಗೆ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡು ಟವೆಲನ್ನು ಒತ್ತುತ್ತೇನೆ. ಆ ಕಡೆ ಅವಳ ಮನೆಯಲ್ಲಿ ಹಾಲು ಕಾಯುವ ಸದ್ದು, ರೈಲಿನ ಕೂಗು. ಅವಳು ಒಂದು, ಎರಡು ಎಂದು ಎಣಿಸುತ್ತಾಳೆ, ಒಂದೊಂದು ಅಂಕಿಗೂ ಬೇಕೆಂದೇ ತಡಮಾಡುತ್ತಾ. ಏಳರ ಹತ್ತಿರ ಹಾಲು ಉಕ್ಕುವ ಸಂಶಯ ಬಂದರೆ “ಹಿಡ್ಕೊಂಡಿರು, ಬಿಡ್ಬೇಡ” ಎಂದು ಕೂಗಿ ಒಳಗೆ ಹೋಗುತ್ತಾಳೆ. ಒಲೆ ಆರಿಸಿ ಬಂದು ಮತ್ತೆ ಏಳರಿಂದಲೇ ಶುರು ಮಾಡುತ್ತಾಳೆ.